ಒಂದು ಮಾರು, ಒಂದು ಮೊಳದ ಹುಟ್ಟು

ದೋಣಿಯ ಹುಟ್ಟು ಕೆತ್ತುವವರ ಶೆಡ್ಡಿಗೆ ಹೋದಾಗ ಅವರು ಮೊದಲು ಹೇಳಿದ್ದು, ಎರಡೂ ಕೈ ಚಾಚಿ ನಿಲ್ಲಿ ಅಂತ. ಈ ಬೆರಳ ತುದಿಯಿಂದ ಆ ಬೆರಳ ತುದಿಗೆ 164 ಸೆಂ.ಮೀ. ಆಮೇಲೆ ಮೊಣಕೈಯಿಂದ ನಡುಬೆರಳ ತುದಿಗೆ 44. ಕೂಡಿದರೆ 208. ನನ್ನ ಕಯಾಕ್ ಅನ್ನುವ ಸಪೂರ ದೋಣಿಯ ಹುಟ್ಟಿನ ಉದ್ದ ಅಷ್ಟೇ. ಒಂದು ಮಾರು, ಒಂದು ಮೊಳ! ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಅಮ್ಮ ಹೂವು ಅಳೆಸುತ್ತಿದ್ದ ಹಾಗೆಯೇ. ನನಗೆ ತುಂಬಾ ಖುಷಿಯಾಯಿತು.

ಇದು ಗ್ರೀನ್‌ಲ್ಯಾಂಡ್ ಮಾದರಿಯ ಹುಟ್ಟು. ಸೀಲ್ ಬೇಟೆಗೆ ಹೋಗುತ್ತಿದ್ದ ಅಲ್ಲಿನ ಇನುಯಿಟ್ ಜನ ಸಮುದ್ರದಲ್ಲಿ ತೇಲಿ ಬಂದ ಮರದಿಂದ ಇದನ್ನು ಕೆತ್ತುತ್ತಿದ್ದರು. ಸವೆಯದಿರಲಿ ಅಂತ ತುದಿಗೆ ಮೂಳೆ ಕೂರಿಸುತ್ತಿದ್ದರು. ನನ್ನದು ಇಲ್ಲೇ ಸಿಯಾಟಲ್ ಸುತ್ತ ಬೆಳೆಯುವ ರೆಡ್ ಸೀಡರ್ ಮರದ್ದು. ತೂಕ 880 ಗ್ರಾಂ. ನಡುವಿನ ಹಿಡಿ 48 ಸೆಂ.ಮೀ., ಎರಡು ಕಡೆ ನೀರು ತಳ್ಳುವ ಅಲಗು, ತಲಾ 80 ಸೆಂ.ಮೀ. ಅಲಗಿನ ಅಗಲ ಬರೀ ಎಂಟೂವರೆ. ಇಷ್ಟು ಸಪೂರ ಯಾಕೆ ಅಂದರೆ, ಅಲಗನ್ನೂ ಕೈಯಲ್ಲಿ ಹಿಡಿಯಬೇಕಲ್ವಾ?

ಮೊದಲ ಎರಡು ವಾರ ನನಗೆ ನಿರಾಸೆಯೇ ಆಗಿತ್ತು. ಹಳೆಯ ಅಗಲ ಹುಟ್ಟಿನ ಅಭ್ಯಾಸದಲ್ಲಿ ಕೈಗಳನ್ನು ದೂರ ಇಟ್ಟು, ಅಲಗನ್ನು ನೆಟ್ಟಗೆ ನಿಲ್ಲಿಸಿ ಎಳೆಯುತ್ತಿದ್ದೆ. ಅದು ನೀರಿನೊಳಗೆ ಅದುರುತ್ತಿತ್ತು. ಬುಳುಬುಳು ಅಂತ ಗಾಳಿ ಎಳೆದುಕೊಳ್ಳುತ್ತಿತ್ತು. ಕೊನೆಗೆ ಹುಟ್ಟು ಕೆತ್ತಿದವರಿಗೇ ಫೋನ್ ಮಾಡಿದೆ. 'ಅಲಗಿನ ಮೇಲಿನ ಅಂಚನ್ನು ಸ್ವಲ್ಪ ದೋಣಿಯ ಮುಂಭಾಗದ ಕಡೆಗೆ ಬಾಗಿಸಿ, ಅಷ್ಟೇ' ಅಂದರು.

ಅಷ್ಟೇ ಮಾಡಿದೆ. ಸದ್ದು ನಿಂತೇ ಹೋಯಿತು.

ನೆಟ್ಟಗಿರುವ ಅಲಗಿನಿಂದ ನೀರು ಒಮ್ಮೆ ಈ ಅಂಚಿನಿಂದ, ಒಮ್ಮೆ ಆ ಅಂಚಿನಿಂದ ಸುಳಿಯಾಗಿ ಜಾರುತ್ತದೆ. ಅದಕ್ಕೇ ಅದುರು. ಓರೆಯಾದರೆ ನೀರು ಒಂದೇ ಕಡೆಗೆ ಹರಿಯುತ್ತದೆ. ಎಳೆಯುವಾಗ ಅಲಗು ತಾನಾಗಿ ಕೆಳಗಿಳಿದು ಪೂರ್ತಿ ಮುಳುಗುತ್ತದೆ. ಹಾಗಂತ ಜಾಸ್ತಿ ಓರೆ ಮಾಡಬೇಡಿ. ಮಾಡಿದರೆ ಅಲಗು ಆಳಕ್ಕೆ ಇಳಿಯುತ್ತಲೇ ಹೋಗುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಇಷ್ಟೇ ಡಿಗ್ರಿ ಅಂತ ಹೇಳಲು ಬರುವುದಿಲ್ಲ. ಸದ್ದು ನಿಂತ ಜಾಗವೇ ಸರಿಯಾದ ಜಾಗ.

ಕೆತ್ತಿದವರ ಕೈಗುಣ ಗೊತ್ತಾಗುವುದು ಇಲ್ಲಿಯೇ. ಹಿಡಿ ದುಂಡಗಿಲ್ಲ, ಮೊಟ್ಟೆಯ ಹಾಗೆ ಕೊಂಚ ಚಪ್ಪಟೆ. ಹೆಬ್ಬೆರಳು, ತೋರುಬೆರಳು ಹಿಡಿಯನ್ನು ಸುತ್ತುತ್ತವೆ. ಉಳಿದ ಮೂರು ಬೆರಳು ಅಲಗು ಶುರುವಾಗುವ ಇಳಿಜಾರಿನ ಮೇಲೆ ಕೂರುತ್ತವೆ. ಕೈಗಳ ನಡುವೆ ಭುಜದಷ್ಟೇ ಅಂತರ. ಹೀಗೆ ಸಡಿಲವಾಗಿ ಹಿಡಿದರೆ ಮಣಿಕಟ್ಟು ನೆಟ್ಟಗಿರುವಾಗಲೇ ಆ ಓರೆ ತಾನಾಗಿ ಬರುತ್ತದೆ. ಎರಡೂ ಅಲಗು ಒಂದೇ ಸಮದಲ್ಲಿವೆ, ಹಾಗಾಗಿ ಪ್ರತಿ ಸಲ ಮಣಿಕಟ್ಟು ತಿರುಚಬೇಕಾಗಿಲ್ಲ. ಗೆಳತಿಯೊಬ್ಬಳ ಹತ್ತಿರ ಪೂರಾ ದುಂಡು ಹಿಡಿಯ ಹುಟ್ಟು ಇದೆ. ಅದನ್ನು ಹಿಡಿದರೆ ಅಲಗು ಯಾವ ಕಡೆ ಬಾಗಿದೆ ಅಂತ ಬೆರಳಿಗೆ ತಿಳಿಯುವುದೇ ಇಲ್ಲ, ಪ್ರತಿ ಸಲ ಕಣ್ಣಲ್ಲಿ ನೋಡಬೇಕು.

ದೋಣಿ ತಿರುಗಿಸಬೇಕಾದಾಗ ಕೈಯನ್ನು ಅಲಗಿನ ಮೇಲೆ ಜಾರಿಸಿ ತುದಿಯ ಹತ್ತಿರ ಹಿಡಿಯುತ್ತೇನೆ. ಆಗ ಇನ್ನೊಂದು ತುದಿ ದೂರಕ್ಕೆ ಚಾಚುತ್ತದೆ. ಮಗುಚಿದ ಕಯಾಕನ್ನು ಮತ್ತೆ ಎಬ್ಬಿಸುವುದಕ್ಕೂ ಇದೇ ಹಿಡಿತ. ಮಂಜುಗಡ್ಡೆಯ ನೀರಿನಲ್ಲಿ ಬೇಟೆಗಾರರ ಜೀವ ಉಳಿಸುತ್ತಿದ್ದ ವಿದ್ಯೆ ಅದು. ಗ್ರೀನ್‌ಲ್ಯಾಂಡಿನ ಕಯಾಕ್ ಸ್ಪರ್ಧೆಯಲ್ಲಿ ಈಗಲೂ ಹೀಗೆ ಮಗುಚಿ ಏಳುವ 30ಕ್ಕೂ ಹೆಚ್ಚು ಬಗೆಗಳಿವೆ. ಈ ಬೇಸಿಗೆಯಲ್ಲಿ ನಾನು ಒಂದನ್ನು ಕಲಿತೆ.

ತೊಂದರೆಗಳೂ ಇವೆ. ನೀರು ಅಲಗಿನಿಂದ ಜಾರಿ ನೇರ ಕೈಗೆ ಬರುತ್ತದೆ, ತೋಳು ಒದ್ದೆಯಾಗುತ್ತದೆ. ಇದು ಒಂದೇ ತುಂಡು, ಮಡಚಿ ಕಾರಿನೊಳಗೆ ಇಡಲಾಗದು. ಸೀಡರ್ ಮೆತ್ತಗಿನ ಮರ. ದಡದ ಕಲ್ಲಿಗೆ ಊರಿದ್ದಕ್ಕೆ ಒಂದು ತುದಿ ಜಜ್ಜಿದೆ. ಎರಡು ತಿಂಗಳಿಗೊಮ್ಮೆ ಎಣ್ಣೆ ಹಚ್ಚುತ್ತೇನೆ. ಕಲ್ಲುಬಂಡೆಯ ಹೊಳೆಗೆ ಇದು ಬೇಡವೇ ಬೇಡ.

ನಾನು ಕೊಟ್ಟದ್ದು 325 ಡಾಲರ್. ಕೈಗೆ ಬರಲು ಆರು ವಾರ ಹಿಡಿಯಿತು. ಮೊನ್ನೆ ಹಜಾರದಲ್ಲಿ ಮಗಳನ್ನು ಕೈ ಚಾಚಿ ನಿಲ್ಲಿಸಿ ಅಳೆದೆ. 151, ಮೇಲೆ 40. ಶನಿವಾರ ಅವಳನ್ನೂ ಕರೆದುಕೊಂಡು ಆ ಶೆಡ್ಡಿಗೆ ಹೋಗುತ್ತಿದ್ದೇನೆ.