ಗೀಸರ್ ಹಾಕಿದಾಗ ಎಂಸಿಬಿ ಬೀಳುತ್ತಿದೆಯಾ? ದೊಡ್ಡದು ಹಾಕಿಸಬೇಡಿ

ಹೋದ ಡಿಸೆಂಬರ್‌ನಲ್ಲಿ ನಮ್ಮ ಮನೆಯಲ್ಲಿ ಆದದ್ದು ಇದು. ಇನ್‌ಸ್ಟಂಟ್ ಗೀಸರ್ ಇರುವವರು ದಯವಿಟ್ಟು ಪೂರ್ತಿ ಓದಿ.

ಹಳೇ 3 ಕಿಲೋವ್ಯಾಟ್ ಗೀಸರ್ ಕೆಟ್ಟುಹೋಯಿತು. ಬಿಸಿನೀರು ಜಾಸ್ತಿ ಬರಲಿ ಅಂತ ಈ ಸಲ 4.5 ಕಿಲೋವ್ಯಾಟ್‌ನದು ತಂದೆ. ಹಳೇ ಸಾಕೆಟ್‌ಗೇ ಸೇರಿಸಿದರು. ವಾಷಿಂಗ್ ಮಶಿನ್ ಕೂಡ ಅದೇ ಲೈನಿನಲ್ಲಿತ್ತು. ಎರಡೂ ಒಟ್ಟಿಗೆ ಓಡಿದರೆ 16 ಆಂಪ್ಸ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತಿತ್ತು. ಎಲೆಕ್ಟ್ರಿಷಿಯನ್‌ನ ಕರೆಸಿದೆ. "ಎಂಸಿಬಿ ವೀಕ್ ಆಗಿದೆ ಸರ್, 32 ಹಾಕಿಬಿಡ್ತೀನಿ" ಅಂದರು. ಐದು ನಿಮಿಷದ ಕೆಲಸ. ಬೀಳುವುದು ನಿಂತಿತು. ಸರಿಹೋಯಿತು ಅಂದುಕೊಂಡೆ.

ಮೂರು ವಾರ ಕಳೆದಿರಬೇಕು. ಮಗಳು ಸ್ನಾನಕ್ಕೆ ಹೋಗಿದ್ದಳು. "ಏನೋ ಸುಟ್ಟ ವಾಸನೆ ಬರ್ತಿದೆ ನೋಡೋ" ಅಂತ ಅಮ್ಮ ಕೂಗಿದರು. ಸಾಕೆಟ್ ಕಪ್ಪಾಗಿ ಕರಗುತ್ತಿತ್ತು, ಹೊಗೆ ಬರುತ್ತಿತ್ತು. ಓಡಿಹೋಗಿ ಮೇನ್ ಆಫ್ ಮಾಡಿದೆ. ಆಮೇಲೆ ಗೋಡೆಯ ಪೈಪಿನಿಂದ ವೈರ್ ಎಳೆದರೆ ಎರಡು ಕಡೆ ಮೇಲಿನ ಪದರ ಕರಗಿ ತಾಮ್ರ ಕಾಣುತ್ತಿತ್ತು. ಒಳಗೆ ಮಗಳಿದ್ದಳು ಅನ್ನುವುದು ನೆನಪಾದರೆ ಈಗಲೂ ಕೈ ನಡುಗುತ್ತದೆ.

ಲೆಕ್ಕ ಕಷ್ಟದ್ದೇನಲ್ಲ, ನಾನೇ ಮೊದಲು ಹಾಕಬೇಕಿತ್ತು. 4500 ವ್ಯಾಟನ್ನು 230 ವೋಲ್ಟಿಂದ ಭಾಗಿಸಿದರೆ ಸುಮಾರು 20 ಆಂಪ್ಸ್. ಹಳೇ ಗೀಸರ್ ಎಳೆಯುತ್ತಿದ್ದದ್ದು 13. ಕರೆಂಟ್ ಒಂದೂವರೆ ಪಟ್ಟಾದರೆ ವೈರಿನಲ್ಲಿ ಹುಟ್ಟುವ ಬಿಸಿ ಎರಡೂಕಾಲು ಪಟ್ಟಾಗುತ್ತದೆ (1.5 × 1.5). ಸಾಕೆಟ್ ಇದ್ದದ್ದು 16 ಆಂಪ್ಸ್‌ದು. ವಾಷಿಂಗ್ ಮಶಿನ್ ನೀರು ಕಾಯಿಸುವಾಗ ಇನ್ನೊಂದು 8. ಒಟ್ಟು 28. ನಮ್ಮದು 2.5 ಸ್ಕ್ವೇರ್ ಎಂಎಂ ವೈರ್, ಅದೂ ಗೋಡೆಯೊಳಗೆ, ಇಷ್ಟು ಕರೆಂಟ್ ತಾಳುವಂಥದ್ದಲ್ಲ. 16ರ ಎಂಸಿಬಿ ಬಿದ್ದು ಬಿದ್ದು ಅದನ್ನೇ ಹೇಳುತ್ತಿತ್ತು. 32ರದ್ದಕ್ಕೆ 28 ಜಾಸ್ತಿ ಅನ್ನಿಸುವುದೇ ಇಲ್ಲ, ಸುಮ್ನೆ ಬಿಡುತ್ತದೆ. ಎಂಸಿಬಿ ಇರುವುದು ವೈರನ್ನು ಕಾಯುವುದಕ್ಕೆ. ವೈರ್ ಬದಲಿಸದೆ ಎಂಸಿಬಿ ಮಾತ್ರ ದೊಡ್ಡದು ಮಾಡಿದರೆ ಸುಡುವುದು ವೈರೇ ಅಲ್ವಾ?

ಈಗ ಬೇರೆ ಎಲೆಕ್ಟ್ರಿಷಿಯನ್ ಡಿಬಿಯಿಂದ (ಎಂಸಿಬಿಗಳಿರುವ ಪೆಟ್ಟಿಗೆ) ನೇರವಾಗಿ ಗೀಸರ್‌ಗೆಂದೇ 4 ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಳೆದಿದ್ದಾರೆ. ಅದಕ್ಕೆ 25 ಆಂಪ್ಸ್ ಎಂಸಿಬಿ. ಸಾಕೆಟ್ ಇಲ್ಲ, ಬಾತ್‌ರೂಮಿನ ಹೊರಗೆ 32 ಆಂಪ್ಸ್ ಡಿಪಿ ಸ್ವಿಚ್ (ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವುದು). ಅರ್ಥಿಂಗ್ ಅಳೆದು ನೋಡಿ 30 ಮಿಲಿಆಂಪ್ಸ್‌ನ ಆರ್‌ಸಿಸಿಬಿ ಕೂಡ ಹಾಕಿದರು. ನೀರಿನಲ್ಲಿ ಕರೆಂಟ್ ಸೋರಿದರೆ ಎಂಸಿಬಿಗೆ ಗೊತ್ತಾಗುವುದಿಲ್ಲ, ಅದಕ್ಕೆ ಆರ್‌ಸಿಸಿಬಿಯೇ ಬೇಕು.

ಇವತ್ತೇ ನಿಮ್ಮ ಡಿಬಿಯ ಬಾಗಿಲು ತೆರೆದು ಗೀಸರ್ ಎಂಸಿಬಿಯ ಮೇಲಿನ ನಂಬರ್ ನೋಡಿ. 32 ಇದ್ದು, ವೈರ್ ಎಷ್ಟರದ್ದು ಅಂತ ಗೊತ್ತಿಲ್ಲದಿದ್ದರೆ, ಪರೀಕ್ಷೆ ಮಾಡಿಸುವವರೆಗೂ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ.