ಚಂದ್ರನ ಹೆಸರಿನ ಎಲ್‌ಪಿ: ಚಿತ್ರಕ್ಕೋ, ಹಾಡಿಗೋ?

ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ 1973ರ ಆಲ್ಬಮ್ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ಗೆ ಐವತ್ತಾದ ನೆಪದಲ್ಲಿ 2024ರಲ್ಲಿ ಬಂದ ಪಾರದರ್ಶಕ ಎಲ್‌ಪಿ (ಹಾಡಿನ ವಿನೈಲ್ ತಟ್ಟೆ) ನೋಡಲು ಚೆಂದ. ತಟ್ಟೆ ಎರಡು, ಆದರೆ ಒಂದೊಂದರಲ್ಲೂ ನುಡಿಯುವುದು ಒಂದೇ ಮೈ; ಇನ್ನೊಂದರಲ್ಲಿ ಚಿತ್ರ. ಹಾಡು ಹೆಚ್ಚಿಲ್ಲ, ಅದೇ ಸುಮಾರು 43 ನಿಮಿಷ. ಮಗುಚುವ ಬದಲು ತಟ್ಟೆ ಬದಲಿಸಬೇಕು, ಅಷ್ಟೆ. (ಹೆಸರಿಗಷ್ಟೇ ಚಂದ್ರ, ಒಳಗಿರುವುದು ಕಾಲ, ದುಡ್ಡು, ಹುಚ್ಚು.)

ಆಲ್ಬಮಿನ ಆರಂಭದ ಎದೆಬಡಿತದ ಸದ್ದು ಬಹಳ ಮೆಲ್ಲಗೆ. ದೂಳಿದ್ದರೆ ಚಟಚಟ ಮೊದಲು ಕೇಳುವುದು ಅಲ್ಲೇ. ಕಾಸರಗೋಡಿನ ಆಟಿ ತಿಂಗಳ (ಆಷಾಢದ) ಮಳೆಗೆ ರಟ್ಟಿನ ಹೊದಿಕೆಗೆ ಬೂಸ್ಟು ಗ್ಯಾರಂಟಿ. ನೆಟ್ಟಗೆ ನಿಲ್ಲಿಸಿ, ಗೋಡೆಗೆ ತಾಗಿಸಬೇಡಿ; ಪ್ಲಾಸ್ಟಿಕ್ ಚೀಲದ ಬಾಯಿ ತೆರೆದಿರಲಿ, ಮುಚ್ಚಿದರೆ ತೇವ ಒಳಗೇ ಕೂರುತ್ತದೆ. ಚಿತ್ರದ ಮೈಗೆ ಪ್ಲೇಯರಿನ ಮುಳ್ಳು ಇಳಿಸಲೇಬಾರದು. ಕೇಳಲಷ್ಟೇ ಬೇಕಾದವರಿಗೆ 2023ರ ಮಾಮೂಲಿ ಕಪ್ಪು ತಟ್ಟೆ ಸಾಕು.