ಮ್ಯಾಂಡ್ರೆಲ್ಲೋ, ಎರಡು ಸೆಂಟರ್ ಮಧ್ಯೆಯೋ? ಕಾಫಿ ಕಟ್ಟಿಗೆಯ ಪೆನ್ನಿಗಾಗಿ ಪಟ್ಟ ಪಾಡು

ಕೈಯಲ್ಲಿ ಮಾಡಿದ ಮರದ ಪೆನ್ನು ಸಿಕ್ಕರೆ, ಮರ ಮತ್ತು ಲೋಹದ ತುದಿ ಸೇರುವ ಜಾಗದಲ್ಲಿ ಉಗುರು ಆಡಿಸಿ ನೋಡಿ. ಒಂದು ಕಡೆ ಉಗುರು ಜಾರಿ ಹೋಗುತ್ತದೆ, ಇನ್ನೊಂದು ಕಡೆ ತಟ್ ಅಂತ ತಡೆಯುತ್ತದೆ. ನನ್ನ ಮೊದಲ ಇಪ್ಪತ್ತು ಪೆನ್ನುಗಳೂ ಹೀಗೇ ಇದ್ದವು. ತೆಗೆದುಕೊಂಡವರಿಗೆಲ್ಲ ಖುಷಿಯಾಯಿತು, ನಿಜ. ಪುಕ್ಕಟೆ ಪೆನ್ನಿಗೆ ಯಾರು ಉಗುರು ಆಡಿಸುತ್ತಾರೆ? ನಾನು ಆಡಿಸುತ್ತಿದ್ದೆ, ನಿದ್ದೆ ಕೆಡಿಸಿಕೊಳ್ಳುತ್ತಿದ್ದೆ.

ನಮ್ಮದು ಸಕಲೇಶಪುರದ ಹತ್ತಿರ ಸಣ್ಣ ತೋಟ. ಹಳೇ ಕಾಫಿ ಗಿಡ ಕಿತ್ತಾಗ ಬರುವ ಬುಡಗಳು ಮೊದಲೆಲ್ಲ ಬಚ್ಚಲ ಒಲೆಗೆ ಹೋಗುತ್ತಿದ್ದವು. ಈಗ ಒಳ್ಳೆಯ ಬುಡ ಕಂಡರೆ ಉರಿ ಹಾಕಲು ಮನಸ್ಸು ಬರುವುದಿಲ್ಲ. ತಿಳಿ ಹಳದಿ ಬಣ್ಣ, ಗಟ್ಟಿ ಕಟ್ಟಿಗೆ, ಉಳಿ ಚೂಪಿದ್ದರೆ ನುಣ್ಣಗೆ ಕಡೆಯಬಹುದು. ಗೋಡೌನ್ ಮೂಲೆಯಲ್ಲಿ ಒಂದು ಚಿಕ್ಕ ಲೇತ್ ಇಟ್ಟುಕೊಂಡಿದ್ದೇನೆ. ಬೇಲೂರು ಇಲ್ಲೇ ಪಕ್ಕದಲ್ಲಿದೆ. ಬಳಪದ ಕಲ್ಲಿನ ಕಂಬವನ್ನೇ ದುಂಡಗೆ ಕಡೆದವರ ಸೀಮೆಯಲ್ಲಿ ಬೆರಳು ಗಾತ್ರದ ಮರ ದುಂಡಗೆ ಬರ್ತಿಲ್ಲ ಅಂದರೆ ನಾಚಿಕೆ ಅಲ್ವಾ?

ಮೊದಲು ವರ್ನಿಯರ್ ಹಿಡಿದು ಅಳೆದೆ. ಸುತ್ತ ಎಲ್ಲಿ ಹಿಡಿದರೂ 8.3 ಮಿ.ಮೀ. ಸರಿಯಾಗೇ ಇದೆ! ಆದರೂ ಉಗುರು ತಡೆಯುತ್ತದೆ. ಇದು ಅರ್ಥವಾಗಲು ನನಗೆ ತಿಂಗಳೇ ಹಿಡಿಯಿತು. ಮರ ದುಂಡಗೇ ಇತ್ತು. ಆದರೆ ಮರದ ತೂತಿನೊಳಗೆ ಅಂಟಿಸುವ ಹಿತ್ತಾಳೆ ಕೊಳವೆಗೆ ಅದು ನಡುವಾಗಿ ಕೂತಿರಲಿಲ್ಲ. ವರ್ನಿಯರ್ ವ್ಯಾಸ ಹೇಳುತ್ತದೆ, ನಡು ತಪ್ಪಿದ್ದನ್ನು ಹೇಳುವುದಿಲ್ಲ. ಅದಕ್ಕೆ ತುಂಡು ತಿರುಗುವಾಗ ಅದರ ಮೈ ಎಷ್ಟು ಏರಿಳಿಯುತ್ತದೆ ಅಂತ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜೇ ಬೇಕು. ಲೆಕ್ಕ ನೋಡಿ: ಕೊಳವೆ ಹೊರಗಿನಿಂದ 7 ಮಿ.ಮೀ., ಬುಷ್ (ಮರ ಎಷ್ಟು ದಪ್ಪ ಉಳಿಯಬೇಕು ಅಂತ ತೋರಿಸಲು ತುದಿಗೆ ಹಾಕುವ ಲೋಹದ ಬಳೆ) 8.3. ಅಂದರೆ ತುದಿಯಲ್ಲಿ ಉಳಿಯುವ ಮರ ಬರೀ 0.65 ಮಿ.ಮೀ. ಡಯಲ್ ಮುಳ್ಳು 0.2 ಆಡಿದರೆ ನಡು 0.1 ತಪ್ಪಿದೆ ಅಂತ ಅರ್ಥ. ಆಗ ಮರ ಒಂದು ಕಡೆ 0.75, ಎದುರು ಕಡೆ 0.55. ಉಗುರಿಗೆ ಅಷ್ಟು ಸಾಕು.

ಆಮೇಲೆ ಒಂದೇ ಬುಡದ ಕಟ್ಟಿಗೆಯಿಂದ ಹದಿನೆಂಟು ತುಂಡು ಮಾಡಿ, ಮರವನ್ನು ಲೇತಿನಲ್ಲಿ ಹಿಡಿಯುವ ಮೂರು ವಿಧಾನಕ್ಕೆ ಆರಾರು ಹಂಚಿದೆ.

ಮೊದಲನೆಯದು ಎಲ್ಲರೂ ಶುರು ಮಾಡುವ ಮಾಮೂಲಿ ಮ್ಯಾಂಡ್ರೆಲ್. ಒಂದು ತೆಳು ಉಕ್ಕಿನ ರಾಡ್. ಅದಕ್ಕೆ ಬುಷ್, ಮರ, ಬುಷ್, ಮರ, ಬುಷ್ ಪೋಣಿಸಿ ಕೊನೆಗೆ ನಟ್ ಬಿಗಿಯುತ್ತೇವೆ. ರಾಡಿನ ತುದಿಗೆ ಟೇಲ್‌ಸ್ಟಾಕಿನ (ಲೇತಿನಲ್ಲಿ ಮೋಟಾರಿನ ಎದುರು ತುದಿ) ಲೈವ್ ಸೆಂಟರ್, ಅಂದರೆ ಬೇರಿಂಗ್ ಮೇಲೆ ತಿರುಗುವ ಚೂಪು ಮೊನೆ, ಒತ್ತಿರುತ್ತದೆ. ಸುಲಭ, ಪೆನ್ನಿನ ಮೇಲಿನ, ಕೆಳಗಿನ ಎರಡೂ ತುಂಡು ಒಟ್ಟಿಗೆ ಆಗುತ್ತವೆ. ತೊಂದರೆ ಇರುವುದು ನಮ್ಮ ಕೈಯಲ್ಲಿ. ಮರ ಜಾರಬಾರದು ಅಂತ ನಟ್ ಜೋರಾಗಿ ತಿರುಗಿಸುತ್ತೇವೆ, ಟೇಲ್‌ಸ್ಟಾಕ್ ಚಕ್ರಕ್ಕೂ ಇನ್ನೊಂದು ಸುತ್ತು ಕೊಡುತ್ತೇವೆ. ತೆಳು ರಾಡ್ ಬಿಲ್ಲಿನ ಹಾಗೆ ಬಾಗುತ್ತದೆ. ಬಾಗಿದ ರಾಡಿನ ಮೇಲೆ ಎಷ್ಟು ಚೆನ್ನಾಗಿ ಕಡೆದರೂ ಮರ ದುಂಡಗೆ ಬರುತ್ತದೆ, ಆದರೆ ಕೊಳವೆಗೆ ಓರೆಯಾಗಿ ಬರುತ್ತದೆ. ನನ್ನ ಆರು ತುಂಡುಗಳಲ್ಲಿ ಮುಳ್ಳು 0.12ರಿಂದ 0.25ರವರೆಗೆ ಆಡಿತು. ರಾಡಿನ ನಡುಭಾಗದಲ್ಲಿದ್ದ ತುದಿಗಳೇ ಜಾಸ್ತಿ ಕೆಟ್ಟಿದ್ದವು. ಸುಮ್ನೆ ಇಷ್ಟು ದಿನ ಲೇತನ್ನು ಬೈದಿದ್ದೆ.

ಎರಡನೆಯದು ಮ್ಯಾಂಡ್ರೆಲ್ ಸೇವರ್. ಇದೂ ಒಂದು ಲೈವ್ ಸೆಂಟರೇ, ಆದರೆ ನಡುವೆ ಟೊಳ್ಳು. ರಾಡಿನ ತುದಿ ಇದರ ಒಳಗೆ ನುಗ್ಗುತ್ತದೆ. ಒತ್ತಡ ಬೀಳುವುದು ಕೊನೆಯ ಬುಷ್ ಮೇಲೆ, ರಾಡಿನ ತುದಿಯ ಮೇಲಲ್ಲ. ನಟ್ ಬೇಕಾಗಿಲ್ಲ. ಅದೇ ರಾಡ್, ಅದೇ ಬುಷ್, ಆದರೂ ಮುಳ್ಳಿನ ಆಟ 0.06–0.10ರ ಮಟ್ಟಕ್ಕೆ ಇಳಿಯಿತು. ಆರರಲ್ಲಿ ಒಂದು ಮಾತ್ರ 0.18 ತೋರಿಸಿತು. ಅದರ ಕಥೆ ಆಮೇಲೆ.

ಮೂರನೆಯದನ್ನು ಹೇಳಿಕೊಟ್ಟವರು ಹಾಸನದ ಒಬ್ಬ ಟರ್ನರ್. ಕಬ್ಬಿಣದ ಲೇತಿನಲ್ಲಿ ಮೂವತ್ತು ವರ್ಷ ಕೈ ಪಳಗಿದವರು. ಬುಷ್ ಮಾಡಿಸಲು ಹೋಗಿ ನನ್ನ ಗೋಳು ತೋಡಿಕೊಂಡೆ. "ರಾಡ್ ಯಾಕೆ ಸಾರ್ ಬೇಕು? ಎರಡು ಸೆಂಟರ್ ಮಧ್ಯೆ ಹಿಡೀರಿ" ಅಂದರು, ಕೆಲಸದಿಂದ ತಲೆ ಎತ್ತದೆ. ಹೆಡ್‌ಸ್ಟಾಕಿನಲ್ಲಿ (ಮೋಟಾರ್ ತಿರುಗಿಸುವ ತುದಿ) 60 ಡಿಗ್ರಿಯ ಡೆಡ್ ಸೆಂಟರ್, ಅಂದರೆ ಬೇರಿಂಗ್ ಇಲ್ಲದ ಗಟ್ಟಿ ಮೊನೆ, ಟೇಲ್‌ಸ್ಟಾಕಿನಲ್ಲಿ 60 ಡಿಗ್ರಿಯ ಲೈವ್ ಸೆಂಟರ್. ನಡುವೆ ಒಂದೇ ತುಂಡು, ಎರಡು ತುದಿಗೆ ಎರಡು ಬುಷ್. ಬುಷ್‌ನ ಬಾಯಿಯನ್ನೂ ಅದೇ 60 ಡಿಗ್ರಿಗೆ ಕೊರೆದುಕೊಟ್ಟರು. ಬಾಗಲು ರಾಡೇ ಇಲ್ಲ. ಮುಳ್ಳು 0.02ರಿಂದ 0.04, ಅಷ್ಟೇ. ಮೊದಲ ಸಲ ನೋಡಿದಾಗ ಗೇಜ್ ಕೆಟ್ಟಿದೆ ಅಂದುಕೊಂಡೆ.

ಇದಕ್ಕೂ ಕಿರಿಕಿರಿ ಇದೆ. ಒಂದೊಂದೇ ತುಂಡು ಕಡೆಯಬೇಕು, ಹೊತ್ತು ಹೆಚ್ಚುಕಡಿಮೆ ಎರಡರಷ್ಟು ಹಿಡಿಯುತ್ತದೆ. ಉಳಿ ಸಿಕ್ಕಿಕೊಂಡರೆ ತುಂಡು ನಿಂತುಬಿಡುತ್ತದೆ, ಡೆಡ್ ಸೆಂಟರ್ ಒಳಗೇ ಸುತ್ತುತ್ತದೆ. ನನಗೆ ಇದು ಒಳ್ಳೆಯದೇ ಅನ್ನಿಸಿತು, ಕೈ ಕಲಿಯುತ್ತದೆ. ಸೆಂಟರ್ ಕೂರುವ ತೂತಿನಲ್ಲಿ ಒಂದು ಚೂರು ಹೊಟ್ಟು ಉಳಿದರೂ ಎಲ್ಲ ಹಾಳು. ಹಾಗಾಗಿ ಪ್ರತಿ ಸಲ ಬಟ್ಟೆ ಹಾಕಿ ಒರೆಸುತ್ತೇನೆ. ದೊಡ್ಡ ಲಾಭ ಇರುವುದು ಪಾಲಿಶ್ ಮಾಡುವಾಗ. ಫೆವಿಕ್ವಿಕ್ ಥರದ ಅಂಟನ್ನು ಮರದ ಮೇಲೆ ಪದರ ಪದರವಾಗಿ ಹಚ್ಚುವಾಗ, ಬುಷ್ ಇದ್ದರೆ ಅದೂ ಮರಕ್ಕೆ ಅಂಟುತ್ತದೆ. ಬಿಡಿಸಲು ಹೋದರೆ ತುದಿ ಚಕ್ಕೆ ಏಳುತ್ತದೆ. ಇಲ್ಲಿ ಬುಷ್ ತೆಗೆದಿಟ್ಟು ಕೊಳವೆಯನ್ನೇ ಸೆಂಟರ್ ಮಧ್ಯೆ ಹಿಡಿಯಬಹುದು. ಮೆತ್ತಗೆ ಹಿಡಿಯಿರಿ, ಇಲ್ಲವಾದರೆ ಹಿತ್ತಾಳೆಯ ಬಾಯಿ ಅಗಲವಾಗುತ್ತದೆ. ನಾನು ಎರಡು ಕೊಳವೆ ಹಾಳು ಮಾಡಿಯೇ ಕಲಿತದ್ದು.

ಈಗ ಆ 0.18ರ ಕಥೆ. ಆ ತುಂಡಿನ ತುದಿ ಕೊಳವೆಗೆ ನೇರ ಇರಲಿಲ್ಲ, ಒಂದು ಕಡೆ ಕೂದಲಷ್ಟು ಎತ್ತರ ಇತ್ತು. ಓರೆ ತುದಿಗೆ ಬುಷ್ ಒತ್ತಿದರೆ ಸೇವರ್ ಇದ್ದರೂ ರಾಡ್ ಬಾಗುತ್ತದೆ. ಎರಡು ಸೆಂಟರ್ ಮಧ್ಯೆಯೂ ಬುಷ್ ಓರೆಯಾಗಿ ಕೂರುತ್ತದೆ. ಇದಕ್ಕೂ ಎರಡು ದಾರಿ ನೋಡಿದೆ. ಬ್ಯಾರಲ್ ಟ್ರಿಮ್ಮರ್ (ಕೊಳವೆಯೊಳಗೆ ಕಡ್ಡಿ ತೂರಿಸಿ ತುದಿ ಸವರುವ ಹಲ್ಲಿನ ಉಪಕರಣ) ಬೇಗ ಆಗುತ್ತದೆ, ಆದರೆ ಹಲ್ಲು ಮೊಂಡಾದರೆ ಕಾಫಿ ಕಟ್ಟಿಗೆಯ ಅಂಚನ್ನು ಕಿತ್ತುಹಾಕುತ್ತದೆ. ಲೇತಿಗೆ ಸ್ಯಾಂಡ್‌ಪೇಪರ್ ತಟ್ಟೆ ಹಾಕಿ, ತುಂಡನ್ನು ಕೊಳವೆಯೊಳಗೆ ಸರಿಯಾಗಿ ಕೂರುವ ಕಡ್ಡಿಗೆ ಏರಿಸಿ ನೇರವಾಗಿ ತಾಗಿಸುವುದು ನಿಧಾನ, ಆದರೆ ಅಂಚು ಏಳುವುದಿಲ್ಲ. ನಾನು ತಟ್ಟೆಗೇ ನಿಂತೆ. ಎರಡರಲ್ಲೂ ಕೊಳವೆಯ ಒಳಗೆ ಅಂಟು ಇರಬಾರದು, ಇದ್ದರೆ ಕಡ್ಡಿ ಓರೆ ಕೂರುತ್ತದೆ. ಕೊಳವೆ ಅಂಟಿಸುವ ಮೊದಲು ಅದರ ಬಾಯಿಗೆ ಚೂರು ಚಪಾತಿ ಹಿಟ್ಟು ತುಂಬುತ್ತೇನೆ. ಮನೆಯವರು ಮೊದಮೊದಲು ಬೈದರು, ಈಗ ಕಲೆಸುವಾಗ ಒಂದು ಉಂಡೆ ಎತ್ತಿಡುತ್ತಾರೆ.

ಇಷ್ಟೆಲ್ಲ ಮಾಡಿದರೂ ಮಳೆಗಾಲದಲ್ಲಿ ಕಡೆದದ್ದು ಬೇಸಿಗೆಗೆ ಮೊಟ್ಟೆಯಾಕಾರ ಆಗಬಹುದು. ಮರ ಒಣಗುವಾಗ ಉಂಗುರಗಳ ಗುಂಟ ಕುಗ್ಗುವುದು ಜಾಸ್ತಿ, ತಿರುಳಿನಿಂದ ಹೊರಕ್ಕೆ ಅದರ ಅರ್ಧದಷ್ಟು. ತುಂಡುಗಳನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟು, ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗುತ್ತೇನೆ. ತೂಕ ಇಳಿಯುವುದು ನಿಂತ ಮೇಲೆಯೇ ತೂತು ಕೊರೆಯುವುದು.

ಈಗ ನನ್ನ ಪದ್ಧತಿ ಹೀಗಿದೆ. ಮದುವೆಗೋ ಶಾಲೆಗೋ ಹತ್ತಾರು ಪೆನ್ನು ಬೇಕಾದರೆ ಸೇವರ್. ಒರಟಾಗಿ ಕಡೆದು ಗಾತ್ರಕ್ಕೆ ಹತ್ತಿರ ತರುವುದಕ್ಕೂ ಅದೇ. ಒಳ್ಳೆಯ ಬುಡದ್ದಾದರೆ ಕೊನೆಯ ಅರ್ಧ ಮಿಲಿಮೀಟರನ್ನು ಎರಡು ಸೆಂಟರ್ ಮಧ್ಯೆ ತೆಗೆಯುತ್ತೇನೆ. ಹೊಸಬರು ದುಡ್ಡು ಹಾಕುವುದಾದರೆ ಸೇವರ್ ಬಿಟ್ಟು ನೇರವಾಗಿ ಸೆಂಟರಿಗೇ ಹಾಕಲಿ. ಮಾಮೂಲಿ ನಟ್ ಈಗ ಎಲ್ಲಿದೆಯೋ ನೆನಪಿಲ್ಲ.

ಹೋದ ತಿಂಗಳು ಹಾಸನಕ್ಕೆ ಹೋದಾಗ ಆ ಟರ್ನರ್‌ಗೆ ಒಂದು ಪೆನ್ನು ಕೊಟ್ಟೆ. ಅವರು ಉಗುರು ಆಡಿಸಲಿಲ್ಲ, ಡ್ರಾಯರ್ ಎಳೆದು ಮೈಕ್ರೋಮೀಟರ್ ತೆಗೆದರು. ಎರಡು ಕಡೆ ತಿರುಗಿಸಿ ಹಿಡಿದರು. "ಮೂವತ್ತು ಮೈಕ್ರಾನ್ ಓವಲ್ ಇದೆ ಸಾರ್" ಅಂದು, ಅದನ್ನೇ ಜೇಬಿಗೆ ಸಿಕ್ಕಿಸಿಕೊಂಡರು.